ಕಂಬದ ಕದಿರು

ಹೊನ್ನಾವರ
೧೨-೯-೧೯೭೮

ಸೋಮಣ್ಣನಿಗೆ ದೇವಿಯ ನಮಸ್ಕಾರ.

ನಾನು ಆರಾಮ. ಅಂಗಳ ದಾಟುವಂತಿಲ್ಲ, ಹಾಗಾಗಿ ಈ ಪತ್ರವನ್ನು ಪಕ್ಕದ ಮನೆಯ ನತಾಲಿಬಾಯಿ ಟಪಾಲಿಗೆ ಹಾಕುತ್ತಾರೆ.

ದೋಣಿ ಮಗುಚಿ ಇವರು ತೀರಿಕೊಂಡ ಮೇಲೆ ಈ ಮನೆಯಲ್ಲಿ ನಾನು ಹೂವು ಮುಟ್ಟಬಾರದು. ನತಾಲಿಬಾಯಿಯ ಜೊತೆ ಕ್ರಿಶ್ಚಿಯನ್ನರ ಇಗರ್ಜಿಯ ಕಸ ಗುಡಿಸಲು ಹೋದಾಗ ಅಲ್ಲಿಯ ಹೆಂಗಸರು ಹೂವಿನ ಬುಟ್ಟಿಯನ್ನೇ ನನ್ನ ಮುಂದಿಟ್ಟು, “ಬಾ ದೇವಿ, ಮಾಲೆ ನೀನೇ ಕಟ್ಟು” ಎಂದರು. ಆಮೇಲೆ ಅತ್ತೆಗೆ ಹೇಳದೆ ಪ್ರತಿ ಶನಿವಾರ ಹೋದೆ.

ಮೊನ್ನೆ ಅವರ ತೆನೆ ಹಬ್ಬದಲ್ಲಿ ಪಾದ್ರಿಗಳು ಎಲ್ಲರಿಗೂ ಹೊಸ ಭತ್ತದ ಕದಿರು ಹಂಚುವಾಗ ನನಗೂ ಕೊಟ್ಟರು. ನಮ್ಮೂರಲ್ಲಿ ಹೊಸ ಬೆಳೆ ಬಂದಾಗ ಅಪ್ಪ ಮಾಡುತ್ತಿದ್ದ ಹಾಗೆ ಮಾವಿನೆಲೆಯಲ್ಲಿ ಸುತ್ತಿ ಮನೆಯ ಕಂಬಕ್ಕೆ ಕಟ್ಟಿಬಿಟ್ಟೆ.

“ಇದೆಂತ? ನಮಗೆ ಗದ್ದೆನೇ ಇಲ್ಲ, ಕದಿರು ಎಲ್ಲಿಂದ ಬಂತು?” ಎಂದು ಅತ್ತೆ ಕೇಳಿದರು. ಹೇಳಿದೆ. ಅಂದಿನಿಂದ ಹಿತ್ತಿಲ ಬಾಗಿಲಿಗೂ ಬೀಗ.

ನನ್ನನ್ನು ತವರಿಗೆಂದು ಮುಟ್ಟಳ್ಳಿಗೆ ಕರೆದೊಯ್ಯಬೇಡ. ಅಲ್ಲಿಯೂ ಹಬ್ಬ ಬಂದರೆ ನನಗೆ ಒಳಕೋಣೆಯೇ. ಒಂದು ಶನಿವಾರ ಬಂದು, ಡಾಕ್ಟರಿಗೆ ತೋರಿಸಬೇಕೆಂದು ಅತ್ತೆಗೆ ನೆಪ ಹೇಳಿ, ನನ್ನನ್ನು ಇಗರ್ಜಿಯ ತನಕ ಬಿಡು.

ಕದಿರು ಕಂಬದಲ್ಲೇ ಇದೆ. ಕಟ್ಟಿದ್ದನ್ನು ಮುಂದಿನ ವರ್ಷದ ಹೊಸತು ಬರುವ ತನಕ ಬಿಚ್ಚಬಾರದಲ್ಲ, ಅತ್ತೆಗೂ ಧೈರ್ಯವಿಲ್ಲ. ಸಂಜೆ ದೀಪ ಹಚ್ಚಿದಾಗ ಅದಕ್ಕೂ ಕೈಮುಗಿಯುತ್ತಾರೆ. ನನ್ನ ಕಡೆ ಮಾತ್ರ ನೋಡುವುದಿಲ್ಲ.

ನಿನ್ನ ತಂಗಿ,
ದೇವಿ