ಬಂಜರು ಬದುಕಿಸಿದವಳಿಗೆ ಇನ್ನೊಂದು ಬಂಜರು

ಜಮೀನು ಗುತ್ತಿಗೆ ಅಧಿಕಾರಿಗಳೇ,

ನನ್ನ ದನಗಳು ಹಸಿರು ಮಾಡಿದ ಹೊಲವನ್ನು ನೀವು ನನ್ನಿಂದ ಕಿತ್ತು ಪಕ್ಕದ ಹೊಲದವನಿಗೆ ಕೊಟ್ಟಿದ್ದೀರಿ. ನನಗೆ ಅವನ ಮೇಲೆ ಹೊಟ್ಟೆಕಿಚ್ಚು. ನಾನೇ ಮೊದಲು ಹೇಳಿಬಿಡುತ್ತೇನೆ. 'ಈಕೆ ಮತ್ಸರದಿಂದ ಬರೆದಿದ್ದಾಳೆ' ಎಂದು ಟಿಪ್ಪಣಿ ಹಾಕುವ ಶ್ರಮ ನಿಮಗೆ ಉಳಿಯಲಿ.

ನಿಮ್ಮ ನಿಯಮ ಸರಳವಾಗಿದೆ. ಬಂಜರು ನೆಲ ಭೂಮಿ ಇಲ್ಲದವರಿಗೆ ಗುತ್ತಿಗೆಗೆ. ಅದೇ ನೆಲ ಫಲವತ್ತಾದರೆ ಅಕ್ಕಪಕ್ಕದ ಭೂಮಾಲೀಕರಿಗೆ ಆದ್ಯತೆ. ಎಂಟು ವರ್ಷದ ಹಿಂದೆ ನಾನೂ ನನ್ನ ನಾದಿನಿಯೂ ಅಲ್ಲಿ ಬೇಲಿಗೂಟ ಹೊಡೆದಾಗ ಸುತ್ತಿಗೆ ಹಿಂದಕ್ಕೆ ಪುಟಿಯುತ್ತಿತ್ತು. ದನಗಳನ್ನು ಒಂದೇ ಕಡೆ ಮೇಯಲು ಬಿಡದೆ ದಿನಾ ಬೇಲಿ ಕಿತ್ತು ಮುಂದಿನ ತುಂಡಿಗೆ ಹಾಕಿದೆವು. ಮೇದ ಜಾಗಕ್ಕೆ ಹುಲ್ಲು ಮತ್ತೆ ಚಿಗುರುವವರೆಗೆ ಬಿಡುವು. ದನಗಳ ಹಿಂದೆಯೇ ಕೋಳಿಗಳು, ಸಗಣಿ ಕೆದರಿ ಹರಡಲು. ಗೊಬ್ಬರದ ಚೀಲ ತರಲಿಲ್ಲ, ನೇಗಿಲು ತಾಕಿಸಲಿಲ್ಲ. ಮಣ್ಣು ಮೆತ್ತಗಾಯಿತು, ಎರೆಹುಳ ಬಂತು, ಮಳೆನೀರು ಓಡುವುದನ್ನು ಬಿಟ್ಟು ಇಂಗತೊಡಗಿತು. ನಿಮ್ಮ ಕಚೇರಿಯವರು ಬಂದು, ಬೂಟಿನ ತುದಿಯಲ್ಲಿ ಮಣ್ಣು ಕೆದಕಿ 'ಫಲವತ್ತು' ಎಂದು ಬರೆದುಕೊಂಡ ದಿನ ನಾವಿಬ್ಬರೂ ಹಿಗ್ಗಿದೆವು. ನಮ್ಮ ಗುಂಡಿ ನಾವೇ ತೋಡಿಕೊಂಡಿದ್ದೇವೆ ಎಂದು ಯಾರಿಗೆ ಗೊತ್ತಿತ್ತು?

ಪಕ್ಕದವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನ್ನ ಹೊಟ್ಟೆಯುರಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ಕರು ಹೊಟ್ಟೆಯಲ್ಲಿ ಅಡ್ಡವಾಗಿ ನಮ್ಮ ಹಸು ಒದ್ದಾಡಿದಾಗ ಊಟ ಬಿಟ್ಟು ಓಡಿಬಂದವನು ಅವನೇ. ಆದರೆ ಅವನ ಅಂಗಳದಲ್ಲಿ ಅವನಜ್ಜ ನೆಟ್ಟ ಮರವಿದೆ. ಅದರಡಿ ಅವನ ಎಮ್ಮೆಗಳು ಮಲಗಿ ಮೆಲುಕು ಹಾಕುತ್ತವೆ. ಗುತ್ತಿಗೆ ನೆಲದಲ್ಲಿ ಮರ ನೆಡಬಾರದೆಂಬ ನಿಮ್ಮ ಷರತ್ತಿನಿಂದಾಗಿ ನನ್ನ ದನಗಳು ಬೇಸಿಗೆಯುದ್ದಕ್ಕೂ ಟಾರ್ಪಾಲಿನ ಕೆಳಗೆ ನಿಂತವು. ಮಾನ್ಯರೇ, ಇನ್ನೊಬ್ಬರ ನೆರಳು ಕಂಡು ನೀವೆಂದಾದರೂ ಕರುಬಿದ್ದೀರಾ?

ಆದೇಶ ಕೈಸೇರಿದಾಗ ನಿಮ್ಮ ಕೋಣೆಗೆ ಬಂದೆವು. ಫ್ಯಾನು ನಿಮ್ಮ ಕಡೆಗೇ ತಿರುಗಿತ್ತು.

"ಬೇಜಾರು ಮಾಡ್ಕೋಬೇಡಿ ಅಮ್ಮಾ. ಗುಡ್ಡದ ಆಚೆ ಇನ್ನೊಂದು ಬಂಜರು ಇದೆ, ಅದನ್ನ ತಗೊಳ್ಳಿ. ಹೇಗೂ ನಿಮಗೆ ಕೈ ಪಳಗಿದೆ" ಎಂದಿರಿ.

"ಅದೂ ಹಸಿರಾದ್ರೆ?" ಎಂದೆ.

"ಆಗ ನೋಡೋಣ" ಎಂದು ನಕ್ಕಿರಿ.

ಹೊರಗೆ ಬಂದ ಮೇಲೆ ನಾದಿನಿ ಅಂದಳು: "ಅತ್ತಿಗೆ, ಇವರು ನಮ್ಮನ್ನ ಸೂಲಗಿತ್ತಿಯರು ಅಂದ್ಕೊಂಡಿದಾರೆ. ಹೆರಿಗೆ ಮಾಡಿಸ್ಬೇಕು, ಮಗು ಕೊಟ್ಟು ಹೋಗ್ಬೇಕು."

ಕಳೆದ ವಾರ ದನಗಳನ್ನು ಅವಳ ಮನೆಯ ಹಿತ್ತಲಿಗೆ ಹೊಡೆದುಕೊಂಡು ಬಂದೆವು. ಮರುದಿನವೇ ಹಿರಿಯ ಹಸು ಹಗ್ಗ ಹರಿದುಕೊಂಡು ಹಳೆಯ ಹೊಲಕ್ಕೆ ಹೋಗಿತ್ತು. ಆ ಪಕ್ಕದ ಹೊಲದವನೇ ಹಿಡಿದು ತಂದ.

"ಬೈಬೇಡಿ ಅಕ್ಕಾ, ಪಾಪ, ಅದಕ್ಕೇನು ಗೊತ್ತು" ಎಂದ. ಅದರ ಬಾಯಲ್ಲಿನ್ನೂ ಹುಲ್ಲಿತ್ತು. ಆ ಕ್ಷಣ ನನಗೆ ಹಸುವಿನ ಮೇಲೂ ಹೊಟ್ಟೆಕಿಚ್ಚಾಯಿತು. ಯಾರ ಅಪ್ಪಣೆಯೂ ಕೇಳದೆ ಹೋಗಿ ತಿಂದು ಬಂದಿತ್ತಲ್ಲ. ಅವನು ಹೊರಡುವಾಗ ಅಂದ: "ಟ್ರ್ಯಾಕ್ಟರ್ ಹೇಳಿದೀನಿ ಅಕ್ಕಾ. ಪೂರ್ತಿ ಉತ್ತುಬಿಡ್ತೀನಿ." ಎಂಟು ವರ್ಷ ನೇಗಿಲು ತಾಕಿಸದೆ ಕಟ್ಟಿದ ಮಣ್ಣು ಒಂದೇ ದಿನದಲ್ಲಿ ಮಗುಚಿಬೀಳುತ್ತದೆ.

ಆ ಟ್ರ್ಯಾಕ್ಟರ್ ಹೊಲಕ್ಕಿಳಿಯುವ ಮುನ್ನ ನಿಮ್ಮ ಆದೇಶ ತಡೆಹಿಡಿಯಿರಿ. ಸತ್ತ ನೆಲವನ್ನು ಬದುಕಿಸಿದವರಿಗೇ ಗುತ್ತಿಗೆಯ ಮೊದಲ ಹಕ್ಕೆಂದು ನಿಯಮ ತಿದ್ದಿ. ಅದಾಗದಿದ್ದರೆ ಗುಡ್ಡದಾಚೆಯ ಬಂಜರಿಗೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ. ನಿನ್ನೆ ಸುಮ್ಮನೆ ಹೋಗಿ ನೋಡಿ ಬಂದೆ. ಮಣ್ಣು ಕಲ್ಲಾಗಿದೆ. ಆದರೆ ಇಳಿಜಾರಿನ ಕೆಳಗಡೆಯಿಂದ ದನ ಕಟ್ಟುತ್ತಾ ಬಂದರೆ, ಕೆಲವು ಮಳೆಗಾಲಗಳಲ್ಲಿ ಸರಿಹೋದೀತು. ಇದನ್ನು ನಿಮಗೆ ಹೇಳಬಾರದಿತ್ತು.

ಇಂತಿ,
ನೆಲವಿಲ್ಲದ, ನೆಲದ ಹುಚ್ಚು ಬಿಡದ,
ನಿಮ್ಮ ಮಾಜಿ ಗುತ್ತಿಗೆದಾರಳು