ಬಾಗಿಲಿಗೆ ಅಡ್ಡ ಇಟ್ಟ ಮಂಚ

ಸೂಳೆಕೆರೆ ದಂಡೆ, ಕೆರೆಬಿಳಚಿ ಹತ್ತಿರ
ಗುರುವಾರ, ೨೪-೪-೨೦೨೫, ಮಧ್ಯಾಹ್ನ

ಪ್ರೀತಿಯ ಹೇಮಾ,

ನಿನ್ನ ಅತ್ತೆಯ ಮನಸಾರೆ ಆಶೀರ್ವಾದ. ಹೇಗಿದ್ದೀಯ ಮಗಳೇ? ಬೂಟು ಕಚ್ಚಿ ಹಿಮ್ಮಡಿ ಸುಲಿದಿದೆ ಅಂದಿದ್ದೆ, ವಾಸಿಯಾಯಿತೇ? ಮಲಗುವಾಗ ಕೊಬ್ಬರಿ ಎಣ್ಣೆಗೆ ಚಿಟಿಕೆ ಅರಿಶಿನ ಕಲಸಿ ಹಚ್ಚಿಕೋ. ಬೆಳಗ್ಗೆ ಐದಕ್ಕೇ ಓಡಿಸುತ್ತಾರಂತಲ್ಲ, ಬರೀ ಹೊಟ್ಟೆಯಲ್ಲಿ ಓಡಬೇಡ. ನಾನು ಕಟ್ಟಿಕೊಟ್ಟ ಶೇಂಗಾ ಉಂಡೆ ಮುಗಿದಿದ್ದರೆ ಹೇಳು, ಮತ್ತೆ ಕಳಿಸುತ್ತೇನೆ. ಸಾಸ್ವೆಹಳ್ಳಿಯಲ್ಲಿ ಸಿಕ್ಕವರೆಲ್ಲ ಒಂದೇ ಮಾತು ಕೇಳುತ್ತಾರೆ: "ನಿಮ್ಮ ಸೊಸಿ ಪೊಲೀಸ್ ಆಗಿ ಬಂದ್ರೆ ಮೊದಲು ಯಾರನ್ನ ಒಳಗೆ ಹಾಕ್ತಾಳ್ರೀ?" ನನ್ನನ್ನೇ ಹಾಕುತ್ತಾಳೆ ಅಂತ ನಾನೂ ನಗುತ್ತೇನೆ. ಈ ಪತ್ರ ಓದಿದ ಮೇಲೆ ಅದು ತಮಾಷೆಯ ಮಾತಾಗಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ಅಕ್ಷರ ಸೊಟ್ಟಗಿವೆ, ಕನ್ನಡಕ ಮರೆತು ಬಂದಿದ್ದೇನೆ ಅಂದುಕೊ. ಫೋನ್ ಇರುವ ಕಾಲದಲ್ಲಿ ಮುದುಕಿ ಯಾಕೆ ಪತ್ರ ಬರೆದಳು ಎಂದು ನಿನಗೆ ಆಶ್ಚರ್ಯವಾಗಬಹುದು. ನಿಮ್ಮ ಟ್ರೇನಿಂಗಿನವರು ನಿನ್ನ ಕೈಗೆ ಫೋನ್ ಕೊಡುವುದು ಭಾನುವಾರ ಹತ್ತು ನಿಮಿಷ. ಆ ಹತ್ತು ನಿಮಿಷವೂ ನನ್ನ ಮಗರಾಯ ಗುರು ಸ್ಪೀಕರ್ ಹಾಕಿ ನಡುವೆ ಇಟ್ಟಿರುತ್ತಾನೆ, ಮಕ್ಕಳಿಬ್ಬರೂ ಅದರ ಮೇಲೇ ಬಿದ್ದಿರುತ್ತಾರೆ. ಅಲ್ಲಿ ನಾನು ಆಡಬಹುದಾದದ್ದು "ಆರಾಮಾ?" ಎಂಬ ಒಂದು ಮಾತು ಮಾತ್ರ. ಈಗ ಹೇಳಬೇಕಾದದ್ದು ಅಷ್ಟರಲ್ಲಿ ಮುಗಿಯುವಂಥದ್ದಲ್ಲ.

ಮೊದಲು ಮುಚ್ಚಿಟ್ಟ ಮಾತು. ನಿನ್ನ ಮಗಳು ಧನುಶ್ರೀ ನಿದ್ದೆಯಲ್ಲಿ ಎದ್ದು ನಡೆಯುತ್ತಾಳೆ. ಕಣ್ಣು ತೆರೆದೇ ಇರುತ್ತವೆ, ಆದರೆ ನಮ್ಮನ್ನು ನೋಡುವುದಿಲ್ಲ. ಯುಗಾದಿಯ ಮರುದಿನ ಶುರುವಾಯಿತು. ಮೊದಲ ಸಲ ಅಡುಗೆಮನೆಯಲ್ಲಿ ನಿಂತಿದ್ದಳು, ಎರಡನೆಯ ಸಲ ಬೀದಿ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದಳು. ಹೊನ್ನಾಳಿಯ ಡಾಕ್ಟರ್ ಹೆದರಬೇಡಿ ಅಂದರು. ಆರು ವರ್ಷದ ಮಕ್ಕಳಿಗೆ ಕೆಲವೊಮ್ಮೆ ಹೀಗಾಗುತ್ತದೆ, ಬೆಳೆಯುತ್ತ ಹೋಗಿಬಿಡುತ್ತದೆ, ಗಾಬರಿಪಡಿಸಿ ಎಬ್ಬಿಸಬೇಡಿ, ಬಾಗಿಲು ಭದ್ರ ಮಾಡಿ ಎಂದರು. ಯುಗಾದಿ ಆದ ಮೇಲೇ ಯಾಕೆ ಶುರುವಾಯಿತು ಎಂದು ಗುರು ನನ್ನನ್ನು ಎಷ್ಟೋ ಸಲ ಕೇಳಿದ. ನಾನು ಉತ್ತರ ಕೊಡಲಿಲ್ಲ. ನಿನಗೆ ತಿಳಿಸೋಣ ಅಂದರೆ ಅವನು ಒಪ್ಪಲಿಲ್ಲ. "ಹೇಳಬ್ಯಾಡವ್ವಾ, ಗೊತ್ತಾದ್ರೆ ಅರ್ಧಕ್ಕೇ ಬಿಟ್ಟು ಬರ್ತಾಳೆ" ಅಂದ. ಅದು ಸುಳ್ಳಲ್ಲ ಅಂತ ನನಗೂ ಗೊತ್ತು. ಫೆಬ್ರವರಿಯಲ್ಲಿ ನೀನು ಬಸ್ಸಿನ ಮೆಟ್ಟಿಲ ಮೇಲೆ ಅಳುತ್ತ ನಿಂತಾಗ, ಮಕ್ಕಳು ನನ್ನ ಜವಾಬ್ದಾರಿ ಎಂದು ಹೇಳಿ ನಿನ್ನನ್ನು ಒಳಗೆ ತಳ್ಳಿದವಳು ನಾನೇ ತಾನೆ.

ಇಂಥ ಮಗುವನ್ನು ಕೆರೆ ದಂಡೆಗೆ ಯಾಕೆ ಕರೆದುಕೊಂಡು ಹೋದಿರಿ ಎಂದು ನೀನು ಕೇಳುತ್ತೀಯ. ನಾನೂ ಕೇಳಿದ್ದೆ. ಬೇಸಿಗೆ ರಜೆಗೆ ಸೂಳೆಕೆರೆ ಹತ್ತಿರ ಮನೆ ಹಿಡಿದು ಮೂರು ದಿನ ಇರೋಣ ಅಂತ ನೀನು ಹೋಗುವಾಗ ಆಸೆ ಹಚ್ಚಿ ಹೋಗಿದ್ದೆಯಲ್ಲ, ಮಕ್ಕಳು ಕ್ಯಾಲೆಂಡರಿನಲ್ಲಿ ದಿನ ಹೊಡೆದು ಹಾಕುತ್ತ ಕೂತಿದ್ದರು. ಜಾಗ ಬದಲಾದರೆ ಧನು ಸರಿಹೋಗುತ್ತಾಳೆ ಎಂಬುದು ಗುರುವಿನ ಲೆಕ್ಕ. ಗೊಬ್ಬರದ ಅಂಗಡಿಗೆ ಬಾಗಿಲು ಹಾಕಿ, ಮೊಬೈಲಿನಲ್ಲೇ ಈ ಹೋಂಸ್ಟೇ ಹಿಡಿದ. ನಿನ್ನೆ ಬುಧವಾರ ಹನ್ನೆರಡಕ್ಕೆಲ್ಲ ಬಂದಿಳಿದೆವು. ಮನೆ ಚೆಂದವೇ ಇದೆ, ಇಲ್ಲ ಅನ್ನುವುದಿಲ್ಲ. ಕಾಲು ಜಾರುವಂಥ ಬಿಳಿ ಟೈಲ್ಸು, ಹಾಲಿನಷ್ಟೇ ದೊಡ್ಡದಾದ ಮಲಗುವ ಕೋಣೆ, ಕೋಣೆಯ ನಡುವೆ ಕಲ್ಯಾಣ ಮಂಟಪದ ಹಾಗೆ ಒಂದು ಮಂಚ. ಆದರೆ ಅದೇ ಕೋಣೆಗೆ ಹಿಂದಿನ ಬಾಗಿಲಿದೆ. ಅದನ್ನು ತೆರೆದರೆ ಒಂಬತ್ತು ಮೆಟ್ಟಿಲು, ಕೊನೆಯ ಮೆಟ್ಟಿಲಿಗೆ ಕೆರೆಯ ನೀರು.

ಗುರು ಬ್ಯಾಗು ಕೆಳಗಿಟ್ಟವನೇ ಕೋಣೆ ಸುತ್ತಿ ನೋಡಿ, ಮಂಚ ತಳ್ಳಲು ನಿಂತ. ಬೆವರು ಸುರಿಸಿಕೊಂಡು ಅದನ್ನು ಎಳೆದು ಆ ಹಿಂಬಾಗಿಲಿಗೆ ಅಡ್ಡ ನಿಲ್ಲಿಸಿದ. ತಲೆಯ ಕಡೆ ಗೋಡೆ, ಕಾಲಿನ ಕಡೆ ಟೀಪಾಯಿ, ಈಚೆ ಬದಿಗೆ ಸೋಫಾ. ನಿನ್ನ ಮಗ ಕೊಟ್ರೇಶ ಅದರೊಳಗೆ ಹಾರಿ, ಬಸ್ಸು ಬಸ್ಸು ಎಂದು ಕುಣಿದ. ಮಕ್ಕಳು ಎದುರಿಗಿದ್ದರು ಎಂದೋ ಏನೋ, ಗುರು ಕಾರಣ ಹೇಳಲಿಲ್ಲ. "ಅವ್ವಾ, ಮಂಚ ಇಲ್ಲೇ ಇರ್ಲಿ, ಅಲ್ಲಾಡಿಸಬ್ಯಾಡ" ಅಂದವನೇ ಹಾಲು, ಬಾಳೆಹಣ್ಣು ತರಲು ಕೆರೆಬಿಳಚಿಗೆ ಹೋದ. ಬಾಗಿಲಿನ ಚಿಲಕ ಸಡಿಲವಾಗಿದೆ, ಸುಮ್ಮನೆ ತಳ್ಳಿದರೂ ಜಾರುತ್ತದೆ, ಆ ಮಂಚವೇ ಅದಕ್ಕೆ ಅಗುಳಿ ಎಂದು ನನಗೆ ಹೊಳೆಯಲಿಲ್ಲ ಹೇಮಾ. ನನಗೆ ಕಂಡದ್ದು ಬೇರೆ.

ಮಕ್ಕಳಿಗೆ ಉಣ್ಣಿಸಿ ಮಲಗಿಸಲು ಹೋದಾಗ ಗೋಡೆಯ ಮೇಲೆ ದೇವರ ಫೋಟೋ ನೋಡಿದೆ. ನಾನು ಬಾಳಿದ ಮನೆಗಳಲ್ಲೆಲ್ಲ ದೇವರ ಜಗುಲಿ ಇದ್ದದ್ದು ಮೂಡಲ ಗೋಡೆಗೆ. ಸೂರ್ಯ ನೆತ್ತಿಯ ಮೇಲಿದ್ದ, ಅವನನ್ನು ಕೇಳುವ ಹಾಗಿರಲಿಲ್ಲ. ದೇವರಿರುವುದು ಮೂಡಲಾದರೆ ಅದರ ಎಡಕ್ಕಿರುವುದು ಬಡಗಲು, ಗುರು ಮಕ್ಕಳ ತಲೆ ಬರುವಂತೆ ಇಟ್ಟಿರುವುದು ಸರಿಯಾಗಿ ಆ ಗೋಡೆಗೇ! ಉತ್ತರಕ್ಕೆ ತಲೆ ಹಾಕುವುದು ಯಾರಿಗೆ ಎಂದು ಬರೆಯಲೂ ಕೈ ಬಾರದು. ಮೊದಲೇ ನಿದ್ದೆಯಲ್ಲಿ ನಡೆಯುವ ಕೂಸು, ತಾಯಿ ದೂರದಲ್ಲಿದ್ದಾಳೆ, ಅಂಥದ್ದನ್ನು ನಾನು ಉತ್ತರಕ್ಕೆ ಮಲಗಿಸಲೇ? ದಿಕ್ಕು ದೆಸೆ ತಿಳಿಯದವನು ಎಂದು ಗುರುವನ್ನು ಬೈದುಕೊಂಡೆ. ಮನೆ ನೋಡಿಕೊಳ್ಳುವ ಗಾದ್ರಮ್ಮನನ್ನು ಕರೆದೆ. ಆಕೆ ಈ ಕಡೆಯವಳೇ, ನನಗಿಂತ ನಾಲ್ಕು ವರ್ಷ ಚಿಕ್ಕವಳಿರಬಹುದು. ಇಬ್ಬರೂ ಸೇರಿ ಮಂಚ ತಿರುಗಿಸಿ, ತಲೆ ದೇವರ ಗೋಡೆಗೆ ಬರುವಂತೆ ಇಟ್ಟೆವು. ಹಿಂಬಾಗಿಲು ಬಯಲಾಯಿತು. ಅತ್ತ ನೋಡಿದೆ, ಚಿಲಕ ಹಾಕಿದೆಯಲ್ಲ ಎಂದುಕೊಂಡು ಸುಮ್ಮನಾದೆ. ಅಷ್ಟಕ್ಕೂ ಧನು ಹಗಲು ಯಾವತ್ತೂ ಎದ್ದು ನಡೆದವಳಲ್ಲ. ಆದರೂ ಇರಲಿ ಎಂದು ಚಾಪೆ ಹಾಸಿಕೊಂಡು ಮಲಗಿದೆ, ಎಲ್ಲಿ ಗೊತ್ತೇ? ಬೀದಿ ಕಡೆಯ ಬಾಗಿಲಿಗೆ ಅಡ್ಡ. ನಮ್ಮ ಮನೆಯಲ್ಲಿ ಅವಳು ಹೋಗುತ್ತಿದ್ದದ್ದು ಆ ಕಡೆಗೆ ತಾನೆ.

ಎಷ್ಟು ಹೊತ್ತು ಕಣ್ಣು ಹತ್ತಿತೋ ತಿಳಿಯದು. ಎಚ್ಚರವಾದಾಗ ಮಕ್ಕಳಿಬ್ಬರೂ ಮಂಚದ ಮೇಲೆ ನಿದ್ದೆ ಮಾಡುತ್ತಿದ್ದರು. ಎಲ್ಲ ಸರಿಯಾಗಿದೆ ಎಂದುಕೊಳ್ಳುವಷ್ಟರಲ್ಲಿ ನೆಲ ಕಂಡಿತು. ಬಿಳಿ ಟೈಲ್ಸಿನ ಮೇಲೆ ಹಿಂಬಾಗಿಲಿಂದ ಮಂಚದವರೆಗೆ ಒದ್ದೆ ಹೆಜ್ಜೆ. ಚಿಕ್ಕ ಹೆಜ್ಜೆ. ಎರಡೂ ಕಾಲಿನದಲ್ಲ, ಬಲಗಾಲಿನದು ಮಾತ್ರ. ಬಾಗಿಲು ಪೂರಾ ತೆರೆದಿತ್ತು, ಅಲ್ಲಿ ಗಾದ್ರಮ್ಮ ಕೈಯಲ್ಲಿ ಸೋಪಿನ ನೊರೆ ಹಾಗೇ ಇಟ್ಟುಕೊಂಡು ನಿಂತಿದ್ದಳು. ಎದ್ದು ಹೋಗಿ ಧನುವಿನ ಕಾಲು ಮುಟ್ಟಿ ನೋಡಿದೆ, ಬಲಗಾಲು ಇನ್ನೂ ಒದ್ದೆಯಾಗಿತ್ತು.

ಆಕೆ ಹಿತ್ತಲ ನಲ್ಲಿಯಲ್ಲಿ ಪಾತ್ರೆ ತಿಕ್ಕುತ್ತಿದ್ದಳಂತೆ. ಮಗು ಮೆಟ್ಟಿಲಿಳಿಯುವುದನ್ನು ಕಂಡು, ಆಡಲು ಬಂದಿದೆ ಎಂದುಕೊಂಡಳಂತೆ. ಒಂದೊಂದೇ ಮೆಟ್ಟಿಲು, ಅವಸರವಿಲ್ಲದೆ, ಅತ್ತಿತ್ತ ನೋಡದೆ ಇಳಿಯುವ ರೀತಿ ನೋಡಿ ಅನುಮಾನ ಬಂದು ಓಡಿದ್ದಾಳೆ. ಅಷ್ಟರಲ್ಲಿ ಧನು ಕೊನೆಯ ಮೆಟ್ಟಿಲಲ್ಲಿ ನಿಂತು ಬಲಗಾಲು ನೀರಿಗಿಟ್ಟಿದ್ದಳು. "ಕೂಗಿದ್ರೆ ಬೆದರಿ ಮುಂದಕ್ಕೆ ಬೀಳ್ತದೆ ಅನ್ನಿಸ್ತು ಕಣ್ರೀ. ನನ್ನ ತಂಗಿಗೂ ಹಿಂಗೇ ಇತ್ತು. ಭುಜ ಹಿಡಿದು ಮೆತ್ತಗೆ ತಿರುಗಿಸಿದೆ, ಹಂಗೇ ಬಂದ್ಬಿಡ್ತು" ಅಂದಳು. ನಾನು ಆಕೆಯ ಸೋಪಿನ ಕೈಗಳನ್ನೇ ಕಣ್ಣಿಗೊತ್ತಿಕೊಂಡೆ. ಆಕೆ ಪಾತ್ರೆ ತೊಳೆಯಲು ಇನ್ನೊಂದು ಗಳಿಗೆ ತಡವಾಗಿ ಬಂದಿದ್ದರೆ ಎಂಬ ಮಾತು ನಿನ್ನೆಯಿಂದ ತಲೆ ಬಿಟ್ಟು ಹೋಗುತ್ತಿಲ್ಲ. ಅನ್ನ ಬಾಯಿಗಿಟ್ಟರೆ ಅದೇ, ಕಣ್ಣು ಮುಚ್ಚಿದರೆ ಅದೇ.

ಗುರು ಬರುವುದರೊಳಗೆ ನೆಲ ಒರೆಸಿ, ಮಂಚ ಮತ್ತೆ ಬಾಗಿಲಿಗೆ ತಳ್ಳಿದೆವು. ಗಾದ್ರಮ್ಮ ಹೊರಗಿನಿಂದ ಒಂದು ಬೀಗವನ್ನೂ ಜಡಿದಳು. ಅವನು ಬಂದು ಕೋಣೆ ನೋಡಿ, "ಹಿಂಗಿದ್ರೆ ಇವತ್ತು ನಾವೂ ಆರಾಮಾಗಿ ಮಲಗಬಹುದವ್ವಾ" ಅಂದ. ನಾನು ಬಾಳೆಹಣ್ಣು ಎಣಿಸುವವಳಂತೆ ತಲೆ ತಗ್ಗಿಸಿದೆ. ಸಂಜೆ ಇನ್ನೊಂದು ಏಟು ಬಿತ್ತು. ನಾನು ಬಡಗಲು ಅಂದುಕೊಂಡಿದ್ದ ಗೋಡೆಯ ಕಿಟಕಿಯಲ್ಲಿ, ಬೇಕೆಂದೇ ತೋರಿಸುವವನಂತೆ ಸೂರ್ಯ ಮುಳುಗಿದ. ಅದು ಪಡುವಲು. ಹಾಗಾದರೆ ದೇವರ ಗೋಡೆಯೇ ಬಡಗಲು, ಗುರು ಇಟ್ಟದ್ದು ಸರಿಯಾಗಿಯೇ ಇತ್ತು, ಕೂಸಿನ ತಲೆಯನ್ನು ಉತ್ತರಕ್ಕೆ ತಿರುಗಿಸಿದವಳು ನಾನು. ದೇವರನ್ನು ಅಲ್ಲಿ ಯಾಕಿಟ್ಟರು ಎಂದು ಕೇಳಿದ್ದಕ್ಕೆ ಗಾದ್ರಮ್ಮ, "ಅಲ್ಲಿ ಪ್ಲಗ್ ಐತಲ್ರೀ, ಸೀರಿಯಲ್ ಬಲ್ಬ್ ಹಾಕಾಕೆ" ಅಂದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಗುರುವಿಗೆ ಇನ್ನೂ ಹೇಳಿಲ್ಲ. ನಾಳೆ ಬೆಳಗ್ಗೆ ಊರಿಗೆ ಹೊರಡೋಣ ಎಂದಷ್ಟೇ ಹಟ ಹಿಡಿದೆ, ಒಪ್ಪಿದ್ದಾನೆ. ಮನೆ ಮುಟ್ಟಿದ ಮೇಲೆ ಹೇಳುತ್ತೇನೆ, ಬೈಯಲಿ. ನಿನ್ನನ್ನು ಬಾ ಅನ್ನಲು ನನಗೆ ಭಯ; ಇನ್ನು ನಾಲ್ಕೇ ತಿಂಗಳು, ನೀನು ಪಟ್ಟ ಪಾಡೆಲ್ಲ ನೀರುಪಾಲಾಗುತ್ತದೆ. ಬರಬೇಡ ಅನ್ನಲೂ ಭಯ. ಎರಡು ಹೆತ್ತೆ, ನಾಲ್ಕು ಬಾಣಂತನ ಮಾಡಿದೆ, ಗಂಡನನ್ನು ಮಣ್ಣು ಮಾಡಿದೆ, ಯಾವತ್ತೂ ಇಷ್ಟು ಹೆದರಿರಲಿಲ್ಲ.

ಮಕ್ಕಳು ನಿನಗೆ ಮುತ್ತು ಕಳಿಸಿದ್ದಾರೆ. ಕೊಟ್ರೇಶ ಕೆರೆಯಲ್ಲಿ ಹಡಗು ಕಂಡನಂತೆ; ಅದು ಮೀನಿನವರ ತೆಪ್ಪ, ನೀನು ಮಾತ್ರ ಹಡಗೇ ಅನ್ನು. ನಿನ್ನ ತಾಯಿ ಅನ್ನಪೂರ್ಣಮ್ಮನವರಿಗೆ ಸದ್ಯಕ್ಕೆ ಇದೇನೂ ತಿಳಿಸಬೇಡ. ನಿನ್ನ ಮೈಗೆ ಬಲ ಬರಲಿ, ಹಿಡಿದ ಕೆಲಸ ಕೈಗೆ ಹತ್ತಲಿ, ನಿನ್ನ ಮಕ್ಕಳನ್ನು ನಿನ್ನ ಮಡಿಲಿಗೆ ಇದ್ದ ಹಾಗೇ ಒಪ್ಪಿಸುವ ಪುಣ್ಯ ನನಗಿರಲಿ.

ನಿನ್ನ ಅತ್ತೆ,
ಕಸ್ತೂರಮ್ಮ

ತಾ.ಕ.: ಕನ್ನಡಕ ಮರೆತಿಲ್ಲ, ಮೂಗಿನ ಮೇಲೇ ಇದೆ. ಹಳೆಯ ಸೀರೆಯ ಅಂಚು ಹರಿದು, ಒಂದು ತುದಿ ಧನು ಕೈಗೆ, ಇನ್ನೊಂದು ತುದಿ ನನ್ನ ಬಲಗೈಗೆ ಕಟ್ಟಿಕೊಂಡು ಕೂತಿದ್ದೇನೆ. ಎಡಗೈಗೆ ಜೋಮು, ಎಳೆದರೂ ತಿಳಿಯುವುದಿಲ್ಲ. ಅವಳು ಮಗ್ಗುಲು ಬದಲಿಸಿದಾಗಲೆಲ್ಲ ಪೆನ್ನು ಹೊರಳುತ್ತದೆ. ಗುರು ಚನ್ನಗಿರಿಗೆ ಹೊರಟ, ಅಂಚೆಗೆ ಹಾಕುತ್ತೇನೆ ಕೊಡು ಎಂದು ಬೈಕ್ ಮೇಲೆ ಕೂತು ಕೂಗುತ್ತಿದ್ದಾನೆ. ಅದಕ್ಕೇ ಬೇಗ ಹೇಳಿಬಿಡುತ್ತೇನೆ. ನೀನು ಬಿಟ್ಟು ಹೋದ ಆ ಹಸಿರು ನೈಟಿಯನ್ನು ಧನು ದಿಂಬಿಗೆ ಸುತ್ತಿಕೊಂಡು ಮಲಗುತ್ತಿದ್ದಳು, ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಯುಗಾದಿಗೆ ಮನೆಯ ಬಟ್ಟೆಯೆಲ್ಲ ಒಗೆಯುವಾಗ ಅದನ್ನೂ ಒಗೆದುಬಿಟ್ಟೆ. ಅಂದು ಮಲಗುವಾಗ ಅವಳು ಅದನ್ನು ಮೂಸಿ ನೋಡಿ ಕೆಳಗೆ ಹಾಕಿದಳು. ಮರುದಿನದಿಂದ ನಡೆಯುತ್ತಿದ್ದಾಳೆ. ಗುರುವಿಗೆ ಗೊತ್ತಿಲ್ಲ, ನನಗೆ ಗೊತ್ತು. ನೀನು ಬರಬೇಡ ಮಗಳೇ. ಕವಾಯತಿಗೆ ಹಾಕಿಕೊಳ್ಳುವ ಒಂದು ಬನಿಯನ್ನು ಮೈಯಿಂದ ತೆಗೆದದ್ದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಿಗಿಯಾಗಿ ಕಟ್ಟಿ ಕಳಿಸು. ಬೆವರು ಹಾಗೇ ಇರಲಿ, ಒಗೆಯಬೇಡ.