ಸೊಂಟದ ಹಗ್ಗ

ಸೆಟಿಯು ಕಡಲತೀರ, ತೆರೆಂಗಾನು
ಮಂಗಳವಾರ, ರಾತ್ರಿ ಎರಡೂವರೆ

ಪ್ರೀತಿಯ ರುಸ್ದಿ ಅಣ್ಣಾ,

ಈಗಷ್ಟೇ ಒಂದು ದೊಡ್ಡ ಟ್ರಾಲ್ ದೋಣಿ ಕದ್ದು ಬಲೆ ಎಳೆಯಲು ದೀಪ ಆರಿಸಿಕೊಂಡು ತೀರಕ್ಕೆ ಒತ್ತಿಕೊಂಡೇ ಹೋಯಿತು. ಆ ಗಡಗಡ ಸದ್ದಿಗೆ ಎಚ್ಚರವಾಯಿತು. ನಿನ್ನ ಕೆಮ್ಮು ಹೇಗಿದೆ? ಐಸ್ ಕಾರ್ಖಾನೆಯ ಥಂಡಿಯಲ್ಲಿ ಎದೆಗೆ ಬೆಚ್ಚಗೆ ಏನಾದರೂ ಹೊದ್ದುಕೊ. ನಾನೂ ಮಗುವೂ ಆರೋಗ್ಯ. ಸದ್ದಿಗೆ ಮಗು ಬೆಚ್ಚಿ ಕಿರುಚಿತು, ಕೋಳಿಗಳೆಲ್ಲ ಎದ್ದವು. ಜೋಲಿಯ ಪಕ್ಕದಲ್ಲೇ ಮಲಗಿದ್ದ ಅಪ್ಪ ಮಾತ್ರ ಮಗ್ಗುಲು ಕೂಡ ಬದಲಿಸಲಿಲ್ಲ. ಅಣ್ಣಾ, ಅಪ್ಪನಿಗೆ ಕಿವಿ ಕೇಳಿಸುತ್ತಿಲ್ಲ.

ಬಾಣಂತನಕ್ಕೆ ಬಂದಾಗಿನಿಂದ ನನಗೆ ಅನುಮಾನವಿತ್ತು. ಮಸೀದಿಯಲ್ಲಿ ಬಾಂಗ್ ಆದಾಗಲೆಲ್ಲ ಅಮ್ಮ ಮೆಲ್ಲಗೆ ಅವರ ತೋಳು ಮುಟ್ಟಿ ತಿಳಿಸುತ್ತಾಳೆ. ಎಂಜಿನ್ ನಿಲ್ಲಿಸಿ, ದೋಣಿಯ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿದು, ತಲೆ ಮುಳುಗಿಸಿ ಕಿವಿಗೊಟ್ಟು, ಗೆಲಾಮ ಮೀನಿನ ಗೊರಗೊರ ಸದ್ದು ಯಾವ ದಿಕ್ಕಿನದೆಂದು ಬೆರಳು ಮಾಡಿ ತೋರಿಸುತ್ತಿದ್ದ ಅಪ್ಪ ಈಗ ತೋರಿಸಿದಲ್ಲೆಲ್ಲ ಬಲೆ ಖಾಲಿ. ದೋಣಿಯ ಯಜಮಾನ ದೆರಾಮನ್ ಮಾವ ಮೀನು ಹುಡುಕುವ ಯಂತ್ರ ತಂದಿದ್ದಾನೆ. ನಿನ್ನೆ ನಮ್ಮ ಜಗಲಿಯಲ್ಲೇ ಕೂತು, "ಏನಣ್ಣಾ, ಸಮುದ್ರ ನಿನ್ ಹತ್ರ ಮಾತು ಬಿಟ್ಬಿಡ್ತಾ?" ಎಂದು ಜೋರಾಗಿ ಕೂಗಿದ. ಎಲ್ಲರೂ ನಕ್ಕ ಮೇಲೆ ಅಪ್ಪ ನಕ್ಕರು. ಆಮೇಲೆ, "ಯಂತ್ರ ಮುಚ್ಚಿಟ್ಟು ಬಾ. ನಾಳೆ ನಸುಕಿಗೆ ನಾನೇ ಮೀನು ತೋರಿಸ್ತೀನಿ" ಎಂದರು.

ಅವರಿಗೆ ತಮ್ಮ ಕಿವಿಯ ಮೇಲೆ ಸಂಶಯವೇ ಇಲ್ಲ. "ಈ ಟ್ರಾಲ್ ದೋಣಿಯೋರಿಗೆ ಹೆದ್ರಿ ಮೀನು ಮೆಲ್ಲಗೆ ಮಾತಾಡ್ತಾವೆ ಕಣೇ. ದೋಣಿಗೆ ಬಡಿಯೋ ಅಲೆ ಸದ್ದಲ್ಲಿ ಅದು ಮುಚ್ಚಿಹೋಗ್ತದೆ. ಸೊಂಟದ ಹಗ್ಗ ಬಿಟ್ಟು ದೂರ ಹೋದ್ರೆ ಕೇಳ್ತದೆ," ಎಂದು ನನಗೆ ಗುಟ್ಟಾಗಿ ಹೇಳಿದರು. ಕತ್ತಲಲ್ಲಿ, ತಲೆ ನೀರೊಳಗೆ, ದೀಪವಿಲ್ಲದ ದೋಣಿಗಳು ಓಡಾಡುವ ದಾರಿಯಲ್ಲಿ! ಅವು ಮೈಮೇಲೇ ಬಂದರೂ ಅವರಿಗೆ ಗೊತ್ತಾಗುವುದಿಲ್ಲ.

ಇದನ್ನು ಹೇಳಹೋದರೆ ಅಮ್ಮ ನನ್ನ ಬಾಯಿ ಮುಚ್ಚಿಸಿದಳು. "ಕಾಲೇಜು ಓದಿದ್ದು ಅಪ್ಪನ ಮಾನ ಬೀದಿಗೆ ಹಾಕೋಕಾ? ಬಾಣಂತಿ ದೋಣಿ ಹತ್ರ ಸುಳೀಬಾರ್ದು. ಸುಮ್ನೆ ಮಗೂಗೆ ಹಾಲು ಕೊಡು." ಆದರೂ ನಿನ್ನೆ ಸಂಜೆ ಕದ್ದು ದೆರಾಮನ್ ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಬಾಣಂತಿಗೆ ಕೆಟ್ಟ ಕನಸು ಬೀಳ್ತದಮ್ಮಾ," ಎಂದು ನಕ್ಕು ಇಟ್ಟುಬಿಟ್ಟ. ನೀನು ಅವನ ದೋಣಿಯಲ್ಲಿ ದುಡಿದವನು, ನಿನ್ನ ಮಾತಿಗೆ ಬೆಲೆಯಿದೆ; ಅಪ್ಪನನ್ನು ನೀರಿಗಿಳಿಸಬೇಡ ಎಂದು ನೀನೇ ಅವನಿಗೆ ಹೇಳು. ರಾತ್ರಿ ಪಾಳಿಯ ಹೊತ್ತಲ್ಲಿ ನಿನ್ನ ಫೋನ್ ಬಂದ್. ಅದಕ್ಕೇ ಐಸ್ ತರಲು ನಿನ್ನಲ್ಲಿಗೆ ಈಗ ಹೊರಡಲಿರುವ ಲಾರಿಯ ಮಮತ್ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ.

ಅತ್ತಿಗೆಗೆ ನನ್ನ ಸಲಾಮು. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಸುಹೈಲಾ

ಮರೆತ ಮಾತು: ಲಾರಿ ಬಂತು. ಅಪ್ಪನೂ ಎದ್ದಿದ್ದಾರೆ. ಜೋಲಿಯ ಹಗ್ಗ ಸವೆದಿದೆ ಎಂದು ತಮ್ಮ ಸೊಂಟದ ಹಗ್ಗವನ್ನೇ ತಂದು ಅದಕ್ಕೆ ಕಟ್ಟುತ್ತಿದ್ದಾರೆ. "ಇನ್ನು ನನಗ್ಯಾಕೆ, ಮೊಮ್ಮಗಳಿಗಿರಲಿ" ಅನ್ನುತ್ತಿದ್ದಾರೆ. ಅಣ್ಣಾ, ನಸುಕಿಗೆ ದೋಣಿ ಹೊರಡುವ ಮೊದಲು ದೆರಾಮನ್ ಮಾವನಿಗೆ ಫೋನ್ ಮಾಡು. ಅವನು ಎತ್ತದಿದ್ದರೆ ನನಗೆ ಮಾಡು, ಬಾಣಂತಿಯಾದರೂ ಸರಿ, ದೋಣಿಗೆ ಅಡ್ಡ ನಿಲ್ಲುತ್ತೇನೆ. ಅಪ್ಪನಿಗೆ ಮಾತ್ರ ಮಾಡುತ್ತಾ ಕೂರಬೇಡ. ಅವರ ಫೋನ್ ಬಡಿದುಕೊಳ್ಳುತ್ತಲೇ ಇರುತ್ತದೆ.